ಬೋಳಾದ ಹುಲ್ಲುಹಾಸು ಮತ್ತೆ ಹಬ್ಬಬೇಕಾದರೆ

ಹುಲ್ಲಿನ ಬೆಳವಣಿಗೆಯ ಬಿಂದು ಎಲೆಯ ತುದಿಯಲ್ಲಿಲ್ಲ; ಅದು ಬುಡದಲ್ಲಿ, ನೆಲಕ್ಕೆ ಅಂಟಿಕೊಂಡಂತೆ ಅಡಗಿರುತ್ತದೆ. ದನ ಮೇಯಲಿ, ಯಂತ್ರ ಕತ್ತರಿಸಲಿ, ಆ ಬುಡ ಜೀವಂತವಾಗಿದ್ದರೆ ಎಲೆ ಕೆಳಗಿನಿಂದ ಮತ್ತೆ ಮೇಲೇಳುತ್ತದೆ. ಹೀಗೆ ಚೇತರಿಸಿಕೊಳ್ಳುವುದನ್ನೇ ಬದುಕಿನ ಕ್ರಮ ಮಾಡಿಕೊಂಡಿರುವ ಸಸ್ಯವು ಮನೆಯಂಗಳದಲ್ಲಿ ತೆಳುವಾಗಿ, ಅಲ್ಲಲ್ಲಿ ಮಣ್ಣು ಕಾಣುವಂತೆ ಸೊರಗಿದೆಯೆಂದರೆ ಅದರ ಚೇತರಿಕೆಯನ್ನು ಏನೋ ತಡೆಯುತ್ತಿದೆ ಎಂದೇ ಅರ್ಥ. ಆ ತಡೆಯನ್ನು ಗುರುತಿಸದೆ ಬೀಜ ಚೆಲ್ಲಿದರೆ, ಹಳೆಯ ಹುಲ್ಲನ್ನು ಕೊಂದ ಕಾರಣವೇ ಹೊಸ ಮೊಳಕೆಯನ್ನೂ ಕೊಲ್ಲುತ್ತದೆ.

ಹೆಚ್ಚಿನ ಅಂಗಳಗಳಲ್ಲಿ ಈ ತಡೆ ಇರುವುದು ಮಣ್ಣಿನಲ್ಲಿ. ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧದಷ್ಟು ಮಾತ್ರ ಘನವಸ್ತು. ಉಳಿದರ್ಧ ಕಣಗಳ ನಡುವಿನ ಸಂದುಗಳು, ಅವುಗಳಲ್ಲಿ ಒಂದು ಪಾಲು ನೀರು, ಒಂದು ಪಾಲು ಗಾಳಿ. ಜನ ನಡೆದಾಡಿ, ಮಕ್ಕಳು ಆಡಿ, ವಾಹನ ನಿಂತು ಮಣ್ಣು ಗಟ್ಟಿಯಾದಾಗ ಮೊದಲು ಮುಚ್ಚಿಹೋಗುವುದು ಗಾಳಿಯಾಡುವ ದೊಡ್ಡ ಸಂದುಗಳೇ. ಬೇರುಗಳೂ ಉಸಿರಾಡುತ್ತವೆ ಎಂಬುದನ್ನು ನಾವು ಮರೆಯುತ್ತೇವೆ: ಆಮ್ಲಜನಕವಿಲ್ಲದೆ ಅವು ನೀರನ್ನಾಗಲಿ ಪೋಷಕಾಂಶವನ್ನಾಗಲಿ ಸರಿಯಾಗಿ ಹೀರಲಾರವು, ಆದ್ದರಿಂದ ಗೊಬ್ಬರ ಸುರಿದರೂ ಹುಲ್ಲು ಹಸಿದೇ ಇರುತ್ತದೆ. ಪರೀಕ್ಷೆ ಸರಳ. ಮಳೆಯಾದ ಅಥವಾ ನೀರುಣಿಸಿದ ಮರುದಿನ ಉದ್ದನೆಯ ಸ್ಕ್ರೂಡ್ರೈವರೊಂದನ್ನು ನೆಲಕ್ಕೆ ಚುಚ್ಚಿ ನೋಡಬೇಕು. ತೇವವಿದ್ದೂ ಅದು ಕಷ್ಟಪಟ್ಟು ಇಳಿಯುವುದಾದರೆ ಎಳೆಯ ಬೇರಿಗೆ ಅಲ್ಲಿ ದಾರಿಯಿಲ್ಲ. ಇದಕ್ಕೆ ಪರಿಹಾರ ಕೇವಲ ಮೊಳೆಯಂಥ ಸಾಧನದಿಂದ ತೂತು ಮಾಡುವುದಲ್ಲ, ಏಕೆಂದರೆ ಅದು ಸುತ್ತಲಿನ ಮಣ್ಣನ್ನು ಇನ್ನಷ್ಟು ಒತ್ತುತ್ತದೆ. ಟೊಳ್ಳು ಕೊಳವೆಯುಳ್ಳ ಉಪಕರಣದಿಂದ ಐದರಿಂದ ಎಂಟು ಸೆಂಟಿಮೀಟರ್ ಆಳದ ಮಣ್ಣಿನ ಉರುಳೆಗಳನ್ನು ಹೊರತೆಗೆದು, ಅವು ಒಣಗಿ ಪುಡಿಯಾಗಲು ಅಲ್ಲಿಯೇ ಬಿಟ್ಟು, ಮೇಲೆ ಚೆನ್ನಾಗಿ ಕಳಿತ ಗೊಬ್ಬರವನ್ನು ತೆಳುವಾಗಿ ಹರಡುವುದು ಸರಿಯಾದ ಕ್ರಮ. ಆ ಗೊಬ್ಬರವು ತೂತುಗಳೊಳಗೆ ಇಳಿದಂತೆ ಎರೆಹುಳುಗಳು ಉಳಿದ ಕೆಲಸವನ್ನು ಕೈಗೆತ್ತಿಕೊಳ್ಳುತ್ತವೆ. ನನ್ನ ಮಟ್ಟಿಗೆ, ಇಡೀ ದುರಸ್ತಿಯಲ್ಲಿ ಶ್ರಮ ಹಾಕಲೇಬೇಕಾದ ಹಂತ ಇದೊಂದೇ.

ಬೇರೆ ಕಾರಣಗಳು ತಮ್ಮ ಗುರುತನ್ನು ತಾವೇ ತೋರಿಸಿಕೊಡುತ್ತವೆ. ಸತ್ತ ಹುಲ್ಲು ಚಾಪೆಯಂತೆ ಸಲೀಸಾಗಿ ಎದ್ದುಬಂದರೆ ಅಡಿಯಲ್ಲಿ ಗೊಣ್ಣೆಹುಳುಗಳು ಬೇರು ತಿಂದಿರುವ ಸಾಧ್ಯತೆ ಹೆಚ್ಚು. ನಡುವೆ ಸುಟ್ಟಂತಿದ್ದು ಅಂಚಿನಲ್ಲಿ ಕಡುಹಸಿರು ಬಳೆಯಿದ್ದರೆ ಅದು ನಾಯಿಮೂತ್ರದ ಫಲ: ಮಧ್ಯದಲ್ಲಿ ಸಾರಜನಕ ಅತಿಯಾಗಿದೆ, ಅಂಚಿನಲ್ಲಿ ಅದೇ ಹದವಾಗಿ ಗೊಬ್ಬರವಾಗಿದೆ. ದಿನಕ್ಕೆ ನಾಲ್ಕು ಗಂಟೆಯೂ ನೇರ ಬಿಸಿಲು ಬೀಳದ ಮರದಡಿಯಲ್ಲಿ ಮಾತ್ರ ಹುಲ್ಲಿಗಾಗಿ ಹಟ ಹಿಡಿಯದೆ ನೆರಳು ಸಹಿಸುವ ಬೇರೆ ಗಿಡ ನೆಡುವುದೇ ವಿವೇಕ.

ಇನ್ನು ಬೋಳನ್ನು ತುಂಬುವ ಬಗೆ. ಗರಿಕೆಯಂಥ ಹುಲ್ಲು ನೆಲದ ಮೇಲೂ ಒಳಗೂ ಹಬ್ಬುವ ಕಾಂಡಗಳನ್ನು ಚಾಚಿ, ಗೆಣ್ಣುಗೆಣ್ಣಿನಲ್ಲಿ ಬೇರು ಬಿಟ್ಟು, ಖಾಲಿ ಜಾಗವನ್ನು ತಾನೇ ಆಕ್ರಮಿಸಿಕೊಳ್ಳುತ್ತದೆ. ಅದಕ್ಕೆ ಮಣ್ಣನ್ನು ಸಡಿಲಿಸಿ, ಬಿಸಿಲು ಮತ್ತು ನೀರನ್ನು ಒದಗಿಸಿದರೆ ಬಹುಪಾಲು ಸಾಕು. ರೈಹುಲ್ಲು, ಎತ್ತರದ ಫೆಸ್ಕ್ಯೂ ಮೊದಲಾದವು ಗುಂಪುಗುಂಪಾಗಿ ಬೆಳೆಯುವಂಥವು. ಅವುಗಳ ನಡುವಿನ ಬೋಳು ಬೀಜವಿಲ್ಲದೆ ತುಂಬುವುದು ಕಷ್ಟ. ಈ ಕೆಲಸಕ್ಕೆ ಕಾಲದ ಆಯ್ಕೆಯೂ ಹುಲ್ಲಿನ ಜಾತಿಯನ್ನೇ ಅವಲಂಬಿಸಿದೆ. ಗರಿಕೆ ಬೆಚ್ಚನೆಯ ಕಾಲದಲ್ಲಿ ಹುರುಪಿನಿಂದ ಬೆಳೆದರೆ, ರೈ ಮತ್ತು ಫೆಸ್ಕ್ಯೂಗಳಿಗೆ ಸುಮಾರು 15ರಿಂದ 24 ಡಿಗ್ರಿ ಸೆಲ್ಸಿಯಸ್‌ನ ತಂಪು ಹಿತ.

ಬೀಜ ಮಣ್ಣನ್ನು ಮುಟ್ಟಿದ್ದರೆ ಮಾತ್ರ ತೇವ ಹೀರಿ ಮೊಳೆಯುತ್ತದೆ. ಆದ್ದರಿಂದ ಒಣಹುಲ್ಲಿನ ಪದರವನ್ನು ಹಲ್ಲುಗಳುಳ್ಳ ಗೋರೆಯಿಂದ ಕೆರೆದು, ಮಣ್ಣಿನ ಮೇಲ್ಮೈಯನ್ನು ಕದಡಿ, ಬಿತ್ತಿದ ಬೀಜವನ್ನು ತೆಳುವಾಗಿ ಮುಚ್ಚಿ ಮೆಲ್ಲನೆ ಅದುಮಬೇಕು. ಮೊಳಕೆ ಬರುವ ತನಕ ದಿನಕ್ಕೆ ಒಂದೆರಡು ಬಾರಿ ಹಗುರವಾಗಿ ನೀರು ಚಿಮುಕಿಸುವುದು, ಬೇರು ಇಳಿದಂತೆ ನೀರಿನ ಸರದಿಯನ್ನು ಕಡಿಮೆ ಮಾಡಿ ಆಳವನ್ನು ಹೆಚ್ಚಿಸುವುದು ಸರಿ. ಮೇಲ್ಪದರ ಸದಾ ಒದ್ದೆಯಾಗಿದ್ದರೆ ಬೇರಿಗೆ ಕೆಳಗಿಳಿಯುವ ಅಗತ್ಯವೇ ಬೀಳುವುದಿಲ್ಲ. ರೈ ಒಂದು ವಾರದ ಆಸುಪಾಸಿನಲ್ಲೇ ಹಸಿರು ತೋರಿಸುತ್ತದೆ, ಕೆಂಟಕಿ ಬ್ಲೂಗ್ರಾಸ್‌ಗೆ ಮೂರ್ನಾಲ್ಕು ವಾರವೂ ಹಿಡಿಯಬಹುದು, ಹೀಗಾಗಿ ಬೀಜ ಹುಸಿಯಾಯಿತೆಂದು ಅವಸರದಲ್ಲಿ ಮತ್ತೆ ಬಿತ್ತಬಾರದು.

ಕತ್ತರಿಸುವಾಗ ಒಮ್ಮೆಗೆ ಎಲೆಯ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಕೂಡದು. ಎಲೆ ಕಳೆದುಕೊಂಡ ಗಿಡವು ಕೂಡಿಟ್ಟ ಸಕ್ಕರೆಯನ್ನು ಹೊಸ ಎಲೆಗೆ ವ್ಯಯಿಸುವಾಗ ಬೇರಿನ ಬೆಳವಣಿಗೆ ನಿಲ್ಲುತ್ತದೆ, ಬೇರು ಮೋಟಾದರೆ ಮುಂದಿನ ಬೇಸಿಗೆಯಲ್ಲಿ ಅದೇ ಜಾಗ ಮತ್ತೆ ಬೋಳಾಗುತ್ತದೆ. ಹೊಸ ಹುಲ್ಲಿನ ಮೇಲೆ ಯಂತ್ರ ಹಾಯಿಸುವ ಮುನ್ನ ಕೆಲವು ಎಳೆಗಳನ್ನು ಬೆರಳಿನಿಂದ ಹಗುರವಾಗಿ ಎಳೆದು ನೋಡಬೇಕು. ಅವು ಬುಡಸಹಿತ ಕೈಗೆ ಬಂದರೆ ಇನ್ನೊಂದು ವಾರ ಕಾಯುವುದು ಒಳ್ಳೆಯದು.