ಹಳೇ ಸ್ಟೇಷನ್ನಿಗೆ ಸಿಮೆಂಟು ಬಳಿಯುವ ಮುನ್ನ

ರೈಲ್ವೆಯ ಹಳೇ ಆಸ್ತಿ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಉಗಿ ಎಂಜಿನ್. ಎಂಜಿನ್‌ಗೆ ಒಂದು ಅನುಕೂಲ ಇದೆ. ಅದನ್ನು ಎತ್ತಿ ತಂದು ಕಟ್ಟೆಯ ಮೇಲೆ ನಿಲ್ಲಿಸಬಹುದು. ಮೈಸೂರಿನಲ್ಲಿ 1979ರಲ್ಲೇ ರೈಲ್ವೆ ಮ್ಯೂಸಿಯಂ ಶುರುವಾಯಿತು. ಹುಬ್ಬಳ್ಳಿಯಲ್ಲಿ 2020ರಲ್ಲಿ ಇನ್ನೊಂದು ಬಂತು. ಎಂಜಿನ್ನು, ಬೋಗಿ, ಕೈಮರ, ಗಂಟೆ, ದೀಪಗಳಿಗೆಲ್ಲ ಒಂದು ನೆಲೆ ಸಿಕ್ಕಿತು. ಸ್ಟೇಷನ್ ಕಟ್ಟಡದ ಕತೆ ಹಾಗಲ್ಲ. ಅದು ನಿಂತ ಜಾಗದಲ್ಲೇ ಉಳಿಯಬೇಕು, ಇಲ್ಲದಿದ್ದರೆ ಅಲ್ಲೇ ಮಣ್ಣಾಗಬೇಕು.

ಕಟ್ಟಡವನ್ನು ಸರಿಸಲು ಆಗುವುದೇ ಇಲ್ಲ ಅಂತಲ್ಲ. ಬೆಂಗಳೂರು–ಮೈಸೂರು ಜೋಡಿ ಹಳಿಗೆ ಅಡ್ಡ ಬಂದಿದ್ದ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಇಡಿಯಾಗಿ ಜಾಕಿ ಕೊಟ್ಟು ಎತ್ತಿ, ನೂರು ಮೀಟರ್‌ಗೂ ಹೆಚ್ಚು ದೂರ ಸಾಗಿಸಿ ಇಟ್ಟರು. ಹಳೇ ಕಟ್ಟಡ ದುರಸ್ತಿ ಮಾಡಿ ಉಳಿಸುವ ನಮ್ಮ ವೃತ್ತಿಯವರಿಗೆ ಅದು ಹೆಮ್ಮೆಯ ಕೆಲಸ. ಆದರೆ ಕೋಟಿಗಟ್ಟಲೆ ದುಡ್ಡು ಬೇಡುವ ಆ ದಾರಿ ಹಳ್ಳಿಯ ಒಂದು ಸಣ್ಣ ಸ್ಟೇಷನ್ನಿಗೆ ಒದಗುವಂಥದ್ದಲ್ಲ.

ಸಣ್ಣ ಸ್ಟೇಷನ್ ಅಂದರೆ ಎಂಥದ್ದು ಅನ್ನುವವರು ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆಗೆ ಒಮ್ಮೆ ರೈಲಿನಲ್ಲಿ ಹೋಗಿ ಬನ್ನಿ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್. ಮೈಸೂರು ಸಂಸ್ಥಾನದ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ವರ್ಷಗಳಲ್ಲಿ ಹಾಕಿದ ಹಳಿ ಇದು. ಇದೇ ಮಾರ್ಗದ ಇನ್ನೊಂದು ತುದಿಯ ಬಂಗಾರಪೇಟೆ–ಕೋಲಾರ ಭಾಗ 1913ರಲ್ಲಿ, ಯಲಹಂಕ–ಚಿಕ್ಕಬಳ್ಳಾಪುರ ಭಾಗ 1915ರಲ್ಲಿ ಶುರುವಾಯಿತು. ಎರಡೂವರೆ ಅಡಿಯ, ಅಂದರೆ 762 ಮಿಲಿಮೀಟರ್ ಅಗಲದ ಪುಟ್ಟ ಹಳಿ. ಈಗಿನ ಬ್ರಾಡ್‌ಗೇಜ್ 1676 ಮಿಲಿಮೀಟರ್. ಅದರ ಅರ್ಧಕ್ಕಿಂತ ಕಡಿಮೆ! ಕಡಿಮೆ ಖರ್ಚಿನಲ್ಲಿ ಒಳನಾಡಿಗೆ ರೈಲು ತರಬೇಕಿತ್ತು, ಹಾಗಾಗಿ ಹಳಿಯೂ ಚಿಕ್ಕದು, ಸ್ಟೇಷನ್ನೂ ಚಿಕ್ಕದು. ಕಲ್ಲಿನ ಗೋಡೆ, ಮಂಗಳೂರು ಹೆಂಚು, ಒಂದು ಟಿಕೆಟ್ ಕಿಂಡಿ, ಮುಂದೆ ನಾಲ್ಕು ಜನ ಕೂರುವ ಜಗಲಿ.

1990ರ ದಶಕದಲ್ಲಿ ಯಲಹಂಕ–ಚಿಕ್ಕಬಳ್ಳಾಪುರ ಹಳಿ ಬ್ರಾಡ್‌ಗೇಜ್ ಆಯಿತು. ಚಿಕ್ಕಬಳ್ಳಾಪುರದಿಂದ ಕೋಲಾರಕ್ಕೆ ಬ್ರಾಡ್‌ಗೇಜ್ ರೈಲು ಓಡಲು 2013 ಬರಬೇಕಾಯಿತು. ಆಮೇಲೆ ಪರಂಪರೆಯ ಕಟ್ಟಡಗಳನ್ನು ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಬೆಂಗಳೂರು ಘಟಕ ನೈಋತ್ಯ ರೈಲ್ವೆಯ ಜೊತೆ ಸೇರಿ, ನಾನು ಮೇಲೆ ಹೇಳಿದ ನಾಲ್ಕೂ ಸ್ಟೇಷನ್‌ಗಳ ದುರಸ್ತಿಗೆ ಕೈಹಾಕಿತು. ಇದು ಬೇರೆ ಕಡೆಯೂ ಆಗಬೇಕು. ಮೀಟರ್‌ಗೇಜ್, ಅಂದರೆ ಒಂದು ಮೀಟರ್ ಅಗಲದ ಹಳಿಯ ಕಾಲದ ಇಂಥ ಕಟ್ಟಡಗಳು ರಾಜ್ಯದ ಉದ್ದಕ್ಕೂ ಇವೆ, ಮತ್ತು ಅವು ಹಾಳಾಗುತ್ತಿರುವ ರೀತಿ ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ.

ಹೇಗೆ ಹಾಳಾಗುತ್ತವೆ ಅನ್ನುವುದನ್ನೇ ಇವತ್ತು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೂರು ವರ್ಷ ಮಳೆಗಾಳಿ ತಡೆದ ಗೋಡೆ ವಯಸ್ಸಾಯಿತು ಅಂತ ಬೀಳುವುದಿಲ್ಲ. ನೀರು ಒಳಗೆ ಬಂದು ಹೊರಗೆ ಹೋಗಲಾರದೆ ಉಳಿದಾಗ ಬೀಳುತ್ತದೆ. ನನ್ನ ಕೆಲಸದ ಮುಕ್ಕಾಲು ಪಾಲು ನೀರಿನ ದಾರಿ ಹುಡುಕುವುದೇ.

ಆ ಕಾಲದ ಗೋಡೆಗಳನ್ನು ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಅರಳಿಸಿದ ಸುಣ್ಣ, ಮರಳು, ಕೆಲವು ಕಡೆ ಇಟ್ಟಿಗೆ ಪುಡಿ. ಈ ಗಾರೆ ಮಣ್ಣಿನ ಮಡಕೆಯ ಹಾಗೆ. ಮಳೆಯಲ್ಲಿ ಸ್ವಲ್ಪ ನೀರು ಹೀರುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಕಲ್ಲು ಗಟ್ಟಿ, ಗಾರೆ ಮೆತ್ತಗೆ. ಒಣಗುವ ಕೆಲಸವೆಲ್ಲ ಸಂದಿನಲ್ಲೇ ನಡೆಯುತ್ತದೆ, ಕಲ್ಲಿಗೆ ಏನೂ ಆಗುವುದಿಲ್ಲ. ಎಷ್ಟೋ ವರ್ಷಕ್ಕೊಮ್ಮೆ ಸಂದಿನ ಗಾರೆ ಉದುರಿದರೆ ಕೆದಕಿ ಹೊಸದು ತುಂಬಿದರೆ ಆಯಿತು.

ಈಗ ದುರಸ್ತಿಗೆ ಬರುವ ಗುತ್ತಿಗೆದಾರರ ಹತ್ತಿರ ಇರುವುದು ಸಿಮೆಂಟು. ಸಂದುಗಳಿಗೆ ಗಟ್ಟಿಯಾಗಿ ಸಿಮೆಂಟು ತುಂಬಿ, ಕಲ್ಲಿನ ಮೇಲೆ ಉಬ್ಬಿದ ಗೆರೆ ಎಳೆದು ಕಪ್ಪು ಬಣ್ಣ ಹಚ್ಚುತ್ತಾರೆ. ನೋಡೋಕೆ ಚೆಂದ. ಮೊದಲ ಮಳೆಗಾಲ ಏನೂ ಗೊತ್ತಾಗುವುದಿಲ್ಲ. ಆಮೇಲೆ ಒಳಗೆ ಸೇರಿದ ನೀರಿಗೆ ಸಂದಿನಲ್ಲಿ ದಾರಿ ಇಲ್ಲ, ಅದು ಕಲ್ಲು, ಇಟ್ಟಿಗೆಯ ಮೈಯಿಂದಲೇ ಹೊರಗೆ ಬರಲು ನೋಡುತ್ತದೆ. ಬರುವಾಗ ಉಪ್ಪನ್ನೂ ತರುತ್ತದೆ. ಗೋಡೆಯ ಮೇಲೆ ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ. ಆಮೇಲೆ ಇಟ್ಟಿಗೆಯ ಮುಖವೇ ಪದರ ಪದರವಾಗಿ ಏಳುತ್ತದೆ. ಕೊನೆಗೆ ಇಟ್ಟಿಗೆ ಸವೆದು ಒಳಗೆ ಹೋಗಿ, ಸಿಮೆಂಟಿನ ಗೆರೆಗಳು ಮಾತ್ರ ಪಂಜರದ ಹಾಗೆ ಹೊರಗೆ ಉಳಿದಿರುತ್ತವೆ. ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ಇಲ್ಲಿ ಯಾರೂ ನಿರ್ಲಕ್ಷ್ಯ ಮಾಡಿಲ್ಲ. ಖರ್ಚು ಮಾಡಿ, ಕಾಳಜಿಯಿಂದಲೇ ಹಾಳು ಮಾಡಿದ್ದಾರೆ.

ಸುಣ್ಣದ ಕೆಲಸ ಬಲ್ಲ ಗಾರೆಯವರು ಕಡಿಮೆಯಾಗಿದ್ದಾರೆ ನಿಜ, ಇಲ್ಲವೇ ಇಲ್ಲ ಅನ್ನುವುದು ಸುಳ್ಳು. ನಮ್ಮ ಜೊತೆ ಕೆಲಸ ಮಾಡುವ ಒಬ್ಬ ಹಿರಿಯ ಮೇಸ್ತ್ರಿ ಸುಣ್ಣವನ್ನು ಬೆರಳಲ್ಲಿ ಉಜ್ಜಿ ನೋಡಿಯೇ ಹೇಳುತ್ತಾರೆ: "ಇನ್ನೂ ಹಸಿ ಇದೆ ಸಾರ್, ಇನ್ನೊಂದು ವಾರ ನೀರಲ್ಲೇ ಇರಲಿ." ಅರಳದ ಹರಳು ಉಳಿದಿದ್ದರೆ ಗೋಡೆಗೆ ಹಚ್ಚಿದ ಮೇಲೆ ಉಬ್ಬಿ ಸಿಡಿಯುತ್ತದೆ. ಅವಸರ ನಡೆಯುವುದಿಲ್ಲ. ಆದರೆ ಟೆಂಡರ್‌ನಲ್ಲಿ ಕೆಲಸದ ಅವಧಿ ಬರೆಯುವವರು ಈ ವಾರಗಳನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ. ದುರಸ್ತಿ ಕೆಡುವುದು ಸೈಟಿನಲ್ಲಲ್ಲ, ಎಷ್ಟೋ ಸಲ ಖರ್ಚಿನ ಅಂದಾಜು ಪಟ್ಟಿಯಲ್ಲೇ.

ಇನ್ನೊಂದು ಪೆಟ್ಟು ಬೀಳುವುದು ಪ್ಲಾಟ್‌ಫಾರಂನಿಂದ. ಇದನ್ನು ಗಮನಿಸುವವರು ಕಡಿಮೆ. ಸಣ್ಣ ಗೇಜಿನ ರೈಲಿಗೆ ನೆಲಮಟ್ಟದ ಪ್ಲಾಟ್‌ಫಾರಂ ಸಾಕಿತ್ತು. ಸ್ಟೇಷನ್ ಕಟ್ಟಡದ ತಳಪಾಯದ ಕಟ್ಟೆ ಅದಕ್ಕಿಂತ ಎರಡು ಮೆಟ್ಟಿಲು ಎತ್ತರದಲ್ಲಿ ಇರುತ್ತಿತ್ತು. ಬ್ರಾಡ್‌ಗೇಜ್ ಬಂದ ಮೇಲೆ ಲೆಕ್ಕ ಬದಲಾಯಿತು. ಎತ್ತರದ ಪ್ಲಾಟ್‌ಫಾರಂ ಅಂದರೆ ಹಳಿಯ ಮಟ್ಟದಿಂದ 760ರಿಂದ 840 ಮಿಲಿಮೀಟರ್. ವಯಸ್ಸಾದವರು, ಮಕ್ಕಳು ಸಲೀಸಾಗಿ ಹತ್ತಬೇಕು, ಅದು ಬೇಕೇ ಬೇಕು. ಆದರೆ ಪ್ಲಾಟ್‌ಫಾರಂ ಎತ್ತರಿಸುವಾಗ ಮಣ್ಣನ್ನು ಸೀದಾ ಕಟ್ಟಡದ ಗೋಡೆಯವರೆಗೂ ತುಂಬಿಬಿಡುತ್ತಾರೆ. ತಳಪಾಯದ ಕಟ್ಟೆ ಮುಚ್ಚಿಹೋಗುತ್ತದೆ. ಎಷ್ಟೋ ಕಡೆ ಮೆಟ್ಟಿಲು ಹತ್ತಿ ಹೋಗುತ್ತಿದ್ದ ಬಾಗಿಲಿಗೆ ಈಗ ಒಂದು ಹೆಜ್ಜೆ ಕೆಳಗಿಳಿದು ಹೋಗಬೇಕು. ಮಳೆ ನೀರು ಹೊಸ್ತಿಲು ದಾಟಿ ಒಳಗೆ. ಮಣ್ಣಿನೊಳಗೆ ಹುಗಿದ ಗೋಡೆ ವರ್ಷವಿಡೀ ಒದ್ದೆ.

ಇದಕ್ಕೆ ಪರಿಹಾರ ಕಷ್ಟವಲ್ಲ. ಗೋಡೆಯಿಂದ ಒಂದು ಮೀಟರ್ ಬಿಟ್ಟು ಮಣ್ಣು ನಿಲ್ಲಿಸಿ, ನಡುವೆ ತೆರೆದ ಚರಂಡಿ ಮಾಡಿ, ಬಾಗಿಲ ಮುಂದೆ ಮಾತ್ರ ಒಂದು ಚಪ್ಪಡಿ ಸೇತುವೆ ಹಾಕಿದರೆ ಸಾಕು. ಪ್ಲಾಟ್‌ಫಾರಂ ನಕ್ಷೆ ಬರೆಯುವ ದಿನವೇ ಇದನ್ನು ಸೇರಿಸಿದರೆ ಖರ್ಚೂ ಜಾಸ್ತಿ ಆಗುವುದಿಲ್ಲ. ಆಮೇಲೆ ಅಗೆದು ಸರಿಮಾಡಲು ಹೊರಟರೆ ಹತ್ತು ಕಡೆ ಅನುಮತಿ ಬೇಕು.

ಮಾಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಮಂಗಳೂರು ಹೆಂಚು ಬಲು ಬಾಳಿಕೆಯ ವಸ್ತು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಅದು ಊರೂರಿಗೆ ಹೋಯಿತು. ಹಳೇ ಹೆಂಚನ್ನು ತಿರುಗಿಸಿ ನೋಡಿದರೆ ಬೆನ್ನಿಗೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಸೋರುವ ಮಾಡಿನಲ್ಲಿ ಹೆಚ್ಚಿನ ಸಲ ಕೆಟ್ಟಿರುವುದು ಕೆಳಗಿನ ರೀಪು ಮತ್ತು ಒಡೆದ ಕೆಲವೇ ಹೆಂಚು. ಎಲ್ಲ ಇಳಿಸಿ ತಗಡು ಹೊದಿಸುವ ಅಗತ್ಯ ಇರುವುದಿಲ್ಲ. ಇಳಿಸಿದ ಹೆಂಚನ್ನು ದಯವಿಟ್ಟು ಎಣಿಸಿ, ಜೋಡಿಸಿ, ಬೀಗ ಹಾಕಿ ಇಡಿ. ಹೊರಗೆ ಬಿಟ್ಟರೆ ವಾರದಲ್ಲಿ ಅರ್ಧ ಮಾಯ. ಗೋಡೆಯ ಬಿರುಕಿನಲ್ಲಿ ಅರಳಿ ಗಿಡ ಎದ್ದಿದ್ದರೆ ಮೇಲಿಂದ ಕತ್ತರಿಸಿ ಸುಮ್ನೆ ಬಿಡಬೇಡಿ, ಬೇರು ಒಳಗೇ ದಪ್ಪವಾಗುತ್ತದೆ. ಕಲ್ಲು ಬಿಚ್ಚಿ, ಬೇರು ತೆಗೆದು, ಮತ್ತೆ ಸುಣ್ಣದಲ್ಲಿ ಕಟ್ಟಬೇಕು.

ಕೆಲಸ ಶುರುಮಾಡುವ ಮೊದಲು ಕಟ್ಟಡವನ್ನು ಓದಬೇಕು. ರೈಲ್ವೆ ಕಟ್ಟಡಗಳಲ್ಲಿ ಇದಕ್ಕೊಂದು ವಿಶೇಷ ಸಾಕ್ಷಿ ಸಿಗುತ್ತದೆ. ಸವೆದ ಹಳಿಗಳನ್ನು ರೈಲ್ವೆಯವರು ಎಸೆಯುತ್ತಿರಲಿಲ್ಲ. ಅವು ಚಾವಣಿಯ ತೊಲೆ ಆಗುತ್ತಿದ್ದವು, ಜಗಲಿಯ ಕಂಬ ಆಗುತ್ತಿದ್ದವು, ಬೇಲಿಯ ಗೂಟ ಆಗುತ್ತಿದ್ದವು. ಹಳಿಯ ನಡುವಿನ ತೆಳು ಭಾಗದಲ್ಲಿ, ಸುಣ್ಣಬಣ್ಣದ ಹತ್ತಾರು ಪದರ ಕೆರೆದರೆ, ಉಬ್ಬಿದ ಅಕ್ಷರಗಳು ಕಾಣುತ್ತವೆ: ತಯಾರಿಸಿದ ಕಾರ್ಖಾನೆ, ವರ್ಷ, ಕೆಲವು ಸಲ ತಿಂಗಳೂ. ಹತ್ತೊಂಬತ್ತನೇ ಶತಮಾನದ ಹಳಿಯಾದರೆ ಹೆಚ್ಚಿನ ಸಲ ಬ್ರಿಟನ್ನಿನ ಉಕ್ಕಿನ ಕಾರ್ಖಾನೆಗಳ ಹೆಸರು. ತಂತಿ ಬ್ರಷ್‌ನಿಂದ ಮೆಲ್ಲಗೆ ಉಜ್ಜುತ್ತಾ ಒಂದೊಂದೇ ಅಕ್ಷರ ಮೂಡುವಾಗ ಆಗುವ ಖುಷಿ ಈ ವೃತ್ತಿಯಲ್ಲಿ ನನಗೆ ಇನ್ನೆಲ್ಲೂ ಸಿಕ್ಕಿಲ್ಲ.

ಆದರೆ ಆ ವರ್ಷವನ್ನೇ ಕಟ್ಟಡದ ಹುಟ್ಟಿದ ವರ್ಷ ಅಂತ ಬರೆದು ಫಲಕ ಹಾಕಿಬಿಡಬಾರದು. ಹಳಿ ಮೊದಲು ಎಲ್ಲೋ ರೈಲು ಹೊತ್ತು, ಸವೆದು, ಆಮೇಲೆ ಇಲ್ಲಿಗೆ ಬಂದಿರಬಹುದು. ಕಟ್ಟಡ ಆ ವರ್ಷಕ್ಕಿಂತ ಹಿಂದಿನದಲ್ಲ, ಅಥವಾ ಆ ತೊಲೆ ಆಮೇಲೆ ಸೇರಿಸಿದ್ದು, ಅಷ್ಟೇ ಹೇಳಬಹುದು. ಉಳಿದದ್ದಕ್ಕೆ ರೈಲ್ವೆಯ ಹಳೇ ನಕ್ಷೆ ಬೇಕು, ಊರಿನ ಹಿರಿಯರು ಬೇಕು. ಹಳಿ ದುರಸ್ತಿ ಮಾಡುತ್ತಿದ್ದ ನಿವೃತ್ತ ಗ್ಯಾಂಗ್‌ಮನ್‌ಗಳನ್ನು, ರೈಲಿನ ಹಳಿ ಬದಲಿಸುತ್ತಿದ್ದ ಪಾಯಿಂಟ್ಸ್‌ಮನ್‌ಗಳನ್ನು ಕೇಳಿ. ಬಾವಿ ಎಲ್ಲಿತ್ತು, ಎಂಜಿನ್ನಿಗೆ ನೀರು ಎಲ್ಲಿಂದ ಬರುತ್ತಿತ್ತು, ರೇಷ್ಮೆ ಗೂಡಿನ ಮೂಟೆ ಎಲ್ಲಿ ಇಳಿಸುತ್ತಿದ್ದರು, ಇದೆಲ್ಲ ಅವರಿಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿರುತ್ತದೆ. ಸ್ಟೇಷನ್ ಅಂದರೆ ಟಿಕೆಟ್ ಕೊಡುವ ಕೋಣೆಯೊಂದೇ ಅಲ್ವಲ್ಲ. ನೀರಿನ ತೊಟ್ಟಿ, ಗೂಡ್ಸ್ ಶೆಡ್, ಸಿಬ್ಬಂದಿ ಮನೆ, ಗೇಟಿನ ಗುಮಟಿ, ಪ್ಲಾಟ್‌ಫಾರಂ ಮೇಲಿನ ಮರ, ಎಲ್ಲ ಸೇರಿ ಸ್ಟೇಷನ್. ಕಟ್ಟಡ ಉಳಿಸಿ ಉಳಿದದ್ದನ್ನೆಲ್ಲ ಬಯಲು ಮಾಡಿದರೆ ಅದು ಯಾವುದರ ಕಟ್ಟಡ ಅಂತಲೇ ಮುಂದಿನವರಿಗೆ ತಿಳಿಯುವುದಿಲ್ಲ.

ಇಷ್ಟೆಲ್ಲ ಸರಿಮಾಡಿದ ಮೇಲೆ ಬೀಗ ಹಾಕಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಜನ ಓಡಾಡುವ ಕಟ್ಟಡದಲ್ಲಿ ಒಂದು ಹೆಂಚು ಜಾರಿದರೆ ಅದೇ ವಾರ ಯಾರಾದರೂ ನೋಡುತ್ತಾರೆ. ಬೀಗ ಹಾಕಿದ ಕಟ್ಟಡದಲ್ಲಿ ತೊಲೆ ಕೊಳೆತ ಮೇಲೆಯೇ ಗೊತ್ತಾಗುವುದು. ಧಾರವಾಡದ ಕರ್ನಾಟಕ ಕಾಲೇಜನ್ನೇ ನೋಡಿ. ಆ ಕಟ್ಟಡ ಮೊದಲು ಸದರ್ನ್ ಮರಾಠ ರೈಲ್ವೆಯ ಮುಖ್ಯ ಕಚೇರಿಯಾಗಿತ್ತು. ಕಂಪನಿ ಹೋಯಿತು, ಕಾಲೇಜು ಬಂತು, ತಲೆಮಾರುಗಳ ವಿದ್ಯಾರ್ಥಿಗಳು ಅಲ್ಲಿ ಓದಿದರು. ಕಟ್ಟಡಕ್ಕೆ ಕೆಲಸ ಸಿಕ್ಕಿತು, ಉಳಿಯಿತು. ಸಣ್ಣ ಸ್ಟೇಷನ್ನಿಗೂ ಕೆಲಸ ಕೊಡಬಹುದು: ಊರಿನ ವಾಚನಾಲಯ, ಸ್ವಸಹಾಯ ಸಂಘದ ಮಳಿಗೆ, ಕಾಫಿ ಅಂಗಡಿ. ನಂದಿ ಹಾಲ್ಟ್‌ನಂಥ ಕಡೆ ಬೆಟ್ಟಕ್ಕೆ ಹೋಗುವವರಿಗೆ ತಂಗುವ ಜಾಗ. ನನ್ನ ಆಸೆ ಮಾತ್ರ, ಸಾಧ್ಯವಾದಲ್ಲೆಲ್ಲ ಅದೇ ಕಿಂಡಿಯಲ್ಲಿ ಟಿಕೆಟ್ ಕೊಡುವುದು ಮುಂದುವರಿಯಲಿ ಅನ್ನುವುದು.

ಅಮೃತ ಭಾರತ ಯೋಜನೆಯಲ್ಲಿ ಈಗ ಸ್ಟೇಷನ್‌ಗಳು ಹೊಸ ರೂಪ ಪಡೆಯುತ್ತಿವೆ. 2023ರ ಆಗಸ್ಟ್‌ನಲ್ಲಿ ಒಂದೇ ದಿನ ದೇಶದ 508 ಸ್ಟೇಷನ್‌ಗಳ ಕೆಲಸಕ್ಕೆ ಶಂಕುಸ್ಥಾಪನೆ ಆಯಿತು. ಲಿಫ್ಟು, ಶೌಚಾಲಯ, ನೆರಳು ಎಲ್ಲ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಹೊಸದನ್ನು ಹಳೆಯದರ ಪಕ್ಕದಲ್ಲಿ ಕಟ್ಟಲು ಜಾಗ ಇದೆಯಾ ಅಂತ ಮೊದಲು ನೋಡಿ ಅನ್ನುವುದಷ್ಟೇ ಕೇಳಿಕೆ. ಹಳ್ಳಿ ಸ್ಟೇಷನ್‌ಗಳಲ್ಲಿ ಹೆಚ್ಚಿನ ಸಲ ಜಾಗ ಇರುತ್ತದೆ.

ನಿಮ್ಮ ಊರಿನ ಸ್ಟೇಷನ್ ಹಳೆಯದಾಗಿದ್ದರೆ, ಕೆಲಸ ಶುರುವಾಗುವ ಮೊದಲೇ ಒಂದು ಭಾನುವಾರ ಹೋಗಿ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಹಳಿಯ ಹತ್ತಿರ ಇಳಿಯಬೇಡಿ, ಸ್ಟೇಷನ್ ಮಾಸ್ಟರಿಗೆ ಹೇಳಿ ಹೋಗಿ. ಬಾಗಿಲು, ಕಿಂಡಿ, ತೊಲೆಯ ಮೇಲಿನ ಅಕ್ಷರ, ಹೆಂಚಿನ ಮುದ್ರೆ, ತಳಪಾಯದ ಮಟ್ಟ, ಒಂದೊಂದನ್ನೂ ಬೇರೆ ಬೇರೆಯಾಗಿ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ತೆಗೆಯಿರಿ. ಆಮೇಲೆ ಒಂದು ಕಾಗದ ಬರೆದು, ಫೋಟೋ ಲಗತ್ತಿಸಿ, ವಿಭಾಗೀಯ ರೈಲ್ವೆ ವ್ಯವಸ್ಥಾಪಕರ ಕಚೇರಿಗೆ ಕಳಿಸಿ. ಕಟ್ಟಡ ಕೆಡವಬೇಡಿ ಅಂತಷ್ಟೇ ಬರೆದರೆ ಸಾಲದು. ಗೋಡೆಗೆ ಸಿಮೆಂಟು ಬೇಡ, ಸುಣ್ಣದ ಗಾರೆ ಬಳಸಿ, ಮಣ್ಣನ್ನು ಗೋಡೆಯಿಂದ ಒಂದು ಮೀಟರ್ ದೂರ ನಿಲ್ಲಿಸಿ ಅಂತ ಬಿಡಿಸಿ ಬರೆಯಿರಿ. ಅಂದಾಜು ಪಟ್ಟಿ ತಯಾರಿಸುವ ಎಂಜಿನಿಯರ್ ಕೈಗೆ ಆ ಸಾಲುಗಳು ಸಮಯಕ್ಕೆ ಸರಿಯಾಗಿ ಸಿಕ್ಕರೆ, ಅವರು ಅದನ್ನು ಪಟ್ಟಿಯಲ್ಲಿ ಸೇರಿಸಲು ಸಾಧ್ಯವಿದೆ. ಟೆಂಡರ್ ಕರೆದ ಮೇಲೆ ಅವರ ಕೈಯೂ ಕಟ್ಟಿರುತ್ತದೆ.