ಬೈಬಲ್ ಗುಲಾಮಗಿರಿಯನ್ನು ಒಪ್ಪುತ್ತದಾ?

ಓದುಗರ ಪ್ರಶ್ನೆ: ಗುಲಾಮರನ್ನು ಇಟ್ಟುಕೊಳ್ಳಲು ಬೈಬಲ್‌ನಲ್ಲಿ ಒಪ್ಪಿಗೆ ಇದೆ ಅಂತಾರೆ. ನಿಜವೇ? ನಿಜವಾದರೆ, ಅಮೆರಿಕದಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡಿದ ಎಷ್ಟೋ ಜನರ ಕೈಯಲ್ಲೂ ಅದೇ ಬೈಬಲ್ ಇತ್ತಲ್ಲ, ಅದು ಹೇಗೆ?

ನಿಜ, ಒಪ್ಪಿಗೆ ಇದೆ. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ.

ಬೈಬಲ್‌ನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ ವಿಮೋಚನಕಾಂಡದ 21ನೇ ಅಧ್ಯಾಯ ತೆರೆದು ನೋಡಿ. ಇಬ್ರಿಯ, ಅಂದರೆ ಇಸ್ರಾಯೇಲ್ಯರದೇ ಜನಾಂಗದ ಗುಲಾಮ ಆರು ವರ್ಷ ದುಡಿಯಬೇಕು, ಏಳನೇ ವರ್ಷ ಬಿಡುಗಡೆ. ಯಜಮಾನ ಕೋಲಿನಿಂದ ಹೊಡೆದು ಗುಲಾಮ ಅಲ್ಲೇ ಸತ್ತರೆ ಯಜಮಾನನಿಗೆ ಶಿಕ್ಷೆ. ಒಂದೆರಡು ದಿನ ಜೀವ ಹಿಡಿದಿದ್ದರೆ ಶಿಕ್ಷೆ ಇಲ್ಲ, ಯಾಕೆಂದರೆ ಅವನು ಯಜಮಾನನ ಸ್ವತ್ತು. ಯಾಜಕಕಾಂಡ 25 ಇನ್ನೂ ಮುಂದೆ ಹೋಗುತ್ತದೆ. ಸುತ್ತಲಿನ ಜನಾಂಗಗಳಿಂದ ಗುಲಾಮರನ್ನು ಕೊಂಡುಕೊಳ್ಳಬಹುದು, ಅವರನ್ನು ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗಬಹುದು ಎನ್ನುತ್ತದೆ.

‘ಅದು ಸಾಲ ತೀರಿಸುವ ಜೀತ ಅಷ್ಟೇ, ನಿಜವಾದ ಗುಲಾಮಗಿರಿ ಅಲ್ಲ’ ಎಂಬ ಸಮಾಧಾನವನ್ನು ನೀವು ಕೇಳಿರಬಹುದು. ಆರು ವರ್ಷದ ನಿಯಮಕ್ಕೆ ಈ ಮಾತು ಸ್ವಲ್ಪ ಮಟ್ಟಿಗೆ ಸರಿ. ಆದರೆ ಆ ನಿಯಮ ಇದ್ದದ್ದು ಸ್ವಂತ ಜನರಿಗೆ. ಹೊರಗಿನವರನ್ನು ಜೀವನಪೂರ್ತಿ ಇಟ್ಟುಕೊಳ್ಳಬಹುದಿತ್ತು. ಹೊಡೆತಕ್ಕೆ ಕಣ್ಣು ಹೋದರೆ, ಹಲ್ಲು ಉದುರಿದರೆ ಗುಲಾಮನನ್ನು ಬಿಟ್ಟುಬಿಡಬೇಕು ಎಂಬ ನಿಯಮವೂ ಅಲ್ಲೇ ಇದೆ. ಆ ಕಾಲಕ್ಕೆ ಅದೊಂದು ಕಡಿವಾಣ ಇರಬಹುದು. ಆದರೂ ಮನುಷ್ಯನನ್ನು ಆಸ್ತಿ ಎಂದು ಕರೆದದ್ದನ್ನು ಕಡಿವಾಣ ಅಳಿಸಿಹಾಕುವುದಿಲ್ಲ.

ಯೇಸು ಮತ್ತು ಅವನ ಶಿಷ್ಯರ ಕಾಲದ ಎರಡನೇ ಭಾಗ, ಹೊಸ ಒಡಂಬಡಿಕೆಯಲ್ಲೂ ನಿಷೇಧ ಇಲ್ಲ. ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯ, ಯಜಮಾನರಿಗೆ ವಿಧೇಯರಾಗಿರಿ ಎಂದು ಗುಲಾಮರಿಗೆ ಹೇಳುತ್ತದೆ. ಪೇತ್ರನ ಮೊದಲ ಪತ್ರ ಕ್ರೂರ ಯಜಮಾನರಿಗೂ ತಗ್ಗಿ ನಡೆಯಿರಿ ಎನ್ನುತ್ತದೆ. ಅದೇ ಪುಸ್ತಕದ ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ಕ್ರಿಸ್ತನಲ್ಲಿ ಗುಲಾಮ, ಸ್ವತಂತ್ರ ಎಂಬ ಭೇದವೇ ಇಲ್ಲ ಎಂಬ ಮಾತೂ ಇದೆ.

ಈಗ ಅಮೆರಿಕಕ್ಕೆ ಬರೋಣ. ದಕ್ಷಿಣದ ರಾಜ್ಯಗಳ ಪಾದ್ರಿಗಳು ಮೇಲಿನ ಸಾಲುಗಳನ್ನೇ ಓದಿ ಹೇಳುತ್ತಿದ್ದರು. ಅಷ್ಟು ಸಾಲದೆ ಆದಿಕಾಂಡದ 9ನೇ ಅಧ್ಯಾಯವನ್ನೂ ಎಳೆದು ತಂದರು. ಅಲ್ಲಿ ನೋಹನು ತನ್ನ ಮಗ ಹಾಮನ ತಪ್ಪಿಗೆ ಮೊಮ್ಮಗ ಕಾನಾನನನ್ನು ಶಪಿಸುತ್ತಾನೆ. ಕಪ್ಪು ಜನರು ಹಾಮನ ಸಂತತಿ, ಆದ್ದರಿಂದ ಅವರು ಗುಲಾಮರಾಗಿರುವುದು ದೇವರ ಇಚ್ಛೆ ಎಂದು ಇವರು ಸಾರಿದರು. ಆ ಕಥೆಯಲ್ಲಿ ಚರ್ಮದ ಬಣ್ಣದ ಸುದ್ದಿಯೇ ಇಲ್ಲ! ಗುಲಾಮರ ಒಡೆಯರು ಮಿಷನರಿ ಆಗಬಹುದೇ ಎಂಬ ಜಗಳದಲ್ಲಿ ಬ್ಯಾಪ್ಟಿಸ್ಟರು ಎಂಬ ಕ್ರೈಸ್ತ ಪಂಗಡದವರು ಒಡೆದರು. ದಕ್ಷಿಣದವರು 1845ರಲ್ಲಿ ಜಾರ್ಜಿಯಾದ ಅಗಸ್ಟಾದಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಆ ಸಂಘ ಕ್ಷಮೆ ಕೇಳಿದ್ದು 1995ರಲ್ಲಿ, ಅಂದರೆ 150 ವರ್ಷ ಕಳೆದ ಮೇಲೆ.

ಫ್ರೆಡರಿಕ್ ಡಗ್ಲಸ್ ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು, ದೊಡ್ಡ ಹೋರಾಟಗಾರನಾದವರು. ಅವರು 1845ರ ಆತ್ಮಕಥೆಯಲ್ಲಿ ತಮ್ಮ ಯಜಮಾನ ಥಾಮಸ್ ಆಲ್ಡ್‌ನ ಬಗ್ಗೆ ಬರೆದಿದ್ದಾರೆ. 1832ರಲ್ಲಿ ಅವನು ಮೆಥಡಿಸ್ಟ್ ಸಭೆಯೊಂದರಲ್ಲಿ ಭಕ್ತನಾದ. ಇನ್ನು ಗುಲಾಮರನ್ನು ಬಿಡುಗಡೆ ಮಾಡಬಹುದು, ಕಡೇಪಕ್ಷ ಸ್ವಲ್ಪ ಕರುಣೆ ತೋರಿಸಬಹುದು ಎಂದು ಡಗ್ಲಸ್ ಆಸೆಪಟ್ಟರು. ಆದದ್ದೇ ಬೇರೆ. ಅವನ ಕ್ರೌರ್ಯ ಇನ್ನೂ ಜಾಸ್ತಿಯಾಯಿತು. ಕಾಲು ಊನವಾಗಿದ್ದ ಒಬ್ಬ ಯುವತಿಯನ್ನು ಕಟ್ಟಿಹಾಕಿ ರಕ್ತ ಬರುವಂತೆ ಚಾವಟಿಯಿಂದ ಹೊಡೆಯುತ್ತಾ, ಯಜಮಾನನ ಮನಸ್ಸು ತಿಳಿದೂ ಅದರಂತೆ ನಡೆಯದ ಆಳಿಗೆ ಬಹಳ ಏಟು ಬೀಳುತ್ತವೆ ಎಂಬ ಲೂಕನ ಸುವಾರ್ತೆಯ ಮಾತನ್ನು ಹೇಳುತ್ತಿದ್ದ. ದೇವರ ಮಾತು ಅವನ ಚಾವಟಿಗೆ ಬಲ ಕೊಟ್ಟಿತು. ಇದನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾಗಾದರೆ ಹೋರಾಟಗಾರರಿಗೆ ಅದೇ ಪುಸ್ತಕದಲ್ಲಿ ಸಿಕ್ಕಿದ್ದೇನು? ಇದಕ್ಕೆ ಒಳ್ಳೆಯ ಸುಳಿವು ಸಿಗುವುದು ಒಡೆಯರ ಕಡೆಯಿಂದಲೇ. 1807ರಲ್ಲಿ ಲಂಡನ್‌ನಲ್ಲಿ, ಬ್ರಿಟಿಷರ ವೆಸ್ಟ್ ಇಂಡೀಸ್ ದ್ವೀಪಗಳ ಗುಲಾಮರಿಗಾಗಿ ಒಂದು ಬೈಬಲ್ ಅಚ್ಚಾಯಿತು. ಅದರಲ್ಲಿ ಹಳೆಯ ಒಡಂಬಡಿಕೆಯ ನೂರಕ್ಕೆ ಸುಮಾರು 90 ಪಾಲು ಇರಲಿಲ್ಲ. ಹೊಸ ಒಡಂಬಡಿಕೆಯದು ಅರ್ಧದಷ್ಟು ಮಾಯ. ಬಿಟ್ಟದ್ದು ಯಾವುದು ನೋಡಿ. ಮೋಶೆ ತನ್ನ ಜನರನ್ನು ಐಗುಪ್ತದ, ಅಂದರೆ ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸಿಕೊಂಡು ಬರುವ ಕಥೆ ಇಲ್ಲ. ಗಲಾತ್ಯದವರಿಗೆ ಬರೆದ ಆ ಮಾತು ಇಲ್ಲ. ‘ಯಜಮಾನರಿಗೆ ವಿಧೇಯರಾಗಿರಿ’ ಎಂಬುದು ಮಾತ್ರ ಭದ್ರವಾಗಿದೆ. ಗುಲಾಮರು ಪೂರ್ತಿ ಪುಸ್ತಕ ಓದಿದರೆ ಏನಾಗಬಹುದು ಎಂಬ ಅಂಜಿಕೆ ಈ ಕತ್ತರಿಯಲ್ಲಿ ಕಾಣುತ್ತದೆ, ಅಲ್ವಾ? ಬೈಬಲ್ ಓದುತ್ತಿದ್ದ ನ್ಯಾಟ್ ಟರ್ನರ್ 1831ರಲ್ಲಿ ವರ್ಜೀನಿಯಾದಲ್ಲಿ ದಂಗೆ ಎಬ್ಬಿಸಿದ ಮೇಲೆ, ದಕ್ಷಿಣದಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದರ ವಿರುದ್ಧ ಕಾನೂನುಗಳು ಇನ್ನೂ ಬಿಗಿಯಾದವು.

ಬಿಳಿಯರಲ್ಲೂ ಬೇರೆ ರೀತಿ ಓದಿದವರಿದ್ದರು. 1688ರಲ್ಲೇ ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್‌ನಲ್ಲಿ ನಾಲ್ವರು ಸೇರಿ ಕ್ವೇಕರ್ ಎಂಬ ಕ್ರೈಸ್ತ ಪಂಗಡದ ತಮ್ಮ ಸಭೆಗೆ ಮನವಿ ಬರೆದರು. ಬೇರೆಯವರು ನಿಮಗೆ ಏನು ಮಾಡಬೇಕೆಂದು ಬಯಸುತ್ತೀರೋ ಅದನ್ನೇ ಅವರಿಗೆ ಮಾಡಿ ಎಂಬ ಯೇಸುವಿನ ಮಾತು ಅವರ ಆಧಾರ. ಸಭೆಯ ಹಿರಿಯರು ಅದನ್ನು ಬದಿಗಿಟ್ಟರು. ಫಿಲಡೆಲ್ಫಿಯಾದ ಕ್ವೇಕರರು ಗುಲಾಮರನ್ನು ಇಟ್ಟುಕೊಳ್ಳುವುದನ್ನು ತಮ್ಮೊಳಗೆ ನಿಷೇಧಿಸಿದ್ದು 1776ರಲ್ಲಿ. ಮುಂದೆ, ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸಬೇಕು ಎಂಬ 1850ರ ಕಾನೂನು ಬಂದಾಗ ಹೋರಾಟಗಾರರು ಧರ್ಮೋಪದೇಶಕಾಂಡದ 23ನೇ ಅಧ್ಯಾಯ ತೋರಿಸಿದರು. ತಪ್ಪಿಸಿಕೊಂಡು ಬಂದ ಗುಲಾಮನನ್ನು ಯಜಮಾನನಿಗೆ ಒಪ್ಪಿಸಬೇಡ ಎಂದು ಅಲ್ಲಿದೆ.

ಆದರೆ ವಚನಕ್ಕೆ ವಚನ ಇಟ್ಟು ತೂಗಿದರೆ ಗುಲಾಮಗಿರಿಯ ಪರ ಇದ್ದವರ ವಾದ ಸುಲಭವಾಗಿತ್ತು. ಅವರು ಸುಮ್ನೆ ಬೆರಳಿಟ್ಟು ತೋರಿಸಿದರೆ ಸಾಕಿತ್ತು. ವಿರೋಧಿಸುವವರು ಒಂದು ವಚನಕ್ಕಿಂತ ಇನ್ನೊಂದು ದೊಡ್ಡದು ಎಂದು ತೀರ್ಮಾನಿಸಬೇಕಿತ್ತು. ಆ ತೀರ್ಮಾನ ಪುಟದಲ್ಲಿ ಬರೆದಿರಲಿಲ್ಲ, ಅವರ ಮನಸ್ಸಾಕ್ಷಿಯಿಂದ ಬಂತು ಎಂದೇ ನನ್ನ ನಂಬಿಕೆ. ‘ಆಗಿನ ಕಾಲದವರಿಗೆ ಗೊತ್ತಾಗುತ್ತಿರಲಿಲ್ಲ’ ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ನಾಲ್ಕನೇ ಶತಮಾನದಲ್ಲೇ ನಿಸ್ಸಾದ ಗ್ರೆಗರಿ ಎಂಬ ಬಿಷಪ್, ದೇವರ ರೂಪದಲ್ಲಿ ಹುಟ್ಟಿದವನಿಗೆ ಎಷ್ಟು ಬೆಲೆ ಕಟ್ಟುತ್ತೀರಿ ಎಂದು ಒಡೆಯರನ್ನು ಕೇಳಿದ್ದರು.

ಕಪ್ಪು ಚಿಂತಕ ಹೊವಾರ್ಡ್ ಥರ್ಮನ್ ಅವರಿಗೆ ನಿಮ್ಮ ಪ್ರಶ್ನೆ ನೇರವಾಗಿಯೇ ಎದುರಾಗಿತ್ತು. 1935ರಲ್ಲಿ ಭಾರತ ಮತ್ತು ಸಿಲೋನ್ ಪ್ರವಾಸಕ್ಕೆ ಬಂದಾಗ, ಕೊಲಂಬೊದಲ್ಲಿ ಒಬ್ಬರು ಅವರನ್ನು ತರಾಟೆಗೆ ತೆಗೆದುಕೊಂಡರು. ನಿಮ್ಮ ಪೂರ್ವಿಕರನ್ನು ಹಿಡಿದು ಮಾರಿದವರೇ ಕ್ರೈಸ್ತರು, ಅವರ ಒಂದು ಹಡಗಿನ ಹೆಸರೇ ಜೀಸಸ್, ಹಾಗಿದ್ದೂ ನೀವು ಹೇಗೆ ಕ್ರೈಸ್ತರಾಗಿ ಉಳಿದಿರಿ ಎಂದು ಕೇಳಿದರು. ಥರ್ಮನ್‌ರ ಅಜ್ಜಿ ಗುಲಾಮಳಾಗಿ ಹುಟ್ಟಿದವರು. ಓದಲು ಬರುತ್ತಿರಲಿಲ್ಲ, ಮೊಮ್ಮಗನಿಂದ ಬೈಬಲ್ ಓದಿಸಿ ಕೇಳುತ್ತಿದ್ದರು. ಹೊಸ ಒಡಂಬಡಿಕೆಯಲ್ಲಿ ಪೌಲನ ಹೆಸರಿನಲ್ಲಿರುವ ಪತ್ರಗಳನ್ನು (ಮೇಲೆ ಹೇಳಿದ ಎಫೆಸದವರಿಗೆ ಬರೆದದ್ದೂ ಅದರಲ್ಲೊಂದು) ಮಾತ್ರ ಓದಲು ಬಿಡುತ್ತಿರಲಿಲ್ಲ. ಅದರಲ್ಲಿ ಪ್ರೀತಿಯ ಬಗೆಗಿನ ಒಂದು ಅಧ್ಯಾಯಕ್ಕಷ್ಟೇ ವಿನಾಯಿತಿ. ಕಾರಣ ಕೇಳಿದಾಗ ಹೇಳಿದರು: ಯಜಮಾನನ ಪಾದ್ರಿ ಬಂದಾಗಲೆಲ್ಲ ‘ಗುಲಾಮರೇ, ವಿಧೇಯರಾಗಿರಿ’ ಎಂಬ ಪೌಲನ ಮಾತನ್ನೇ ಬೋಧಿಸುತ್ತಿದ್ದ. ಬಿಡುಗಡೆಯಾಗಿ ಓದು ಕಲಿತರೆ ಆ ಭಾಗ ಓದುವುದಿಲ್ಲ ಎಂದು ಆಗಲೇ ದೇವರಿಗೆ ಮಾತು ಕೊಟ್ಟಿದ್ದೆ. ಅಕ್ಷರ ಬಾರದ ಆ ಹೆಂಗಸು ಬೈಬಲ್‌ನ ಯಾವ ಭಾಗಕ್ಕೆ ಕಿವಿ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂದು ತಾವೇ ನಿರ್ಧರಿಸಿದ್ದರು.

ಇದು ಬೈಬಲ್ ಒಂದರ ಪ್ರಶ್ನೆ ಅಲ್ಲ. ಯಜಮಾನ ಬಿಡುಗಡೆ ಮಾಡಿದರೂ ಶೂದ್ರನಿಗೆ ದಾಸ್ಯದಿಂದ ಬಿಡುಗಡೆ ಇಲ್ಲ ಎಂದು ಮನುಸ್ಮೃತಿಯ 8ನೇ ಅಧ್ಯಾಯ ಹೇಳುತ್ತದೆ. ಜ್ಯೋತಿಬಾ ಫುಲೆ ಈ ಎರಡು ಕಥೆಗಳ ನಂಟನ್ನು ಬಹಳ ಬೇಗ ಕಂಡರು. 1873ರ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಕಪ್ಪು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು. 1927ರ ಡಿಸೆಂಬರ್ 25ರಂದು ಮಹಾರಾಷ್ಟ್ರದ ಮಹಾಡ್‌ನಲ್ಲಿ ಅಂಬೇಡ್ಕರ್ ಮತ್ತು ಅವರ ಸಂಗಡಿಗರು ಮನುಸ್ಮೃತಿಯನ್ನು ಸುಟ್ಟರು. ಥರ್ಮನ್‌ರ ಅಜ್ಜಿ ಪುಸ್ತಕ ಉಳಿಸಿಕೊಂಡು ಕೆಲವು ಪುಟಗಳನ್ನು ಬಿಟ್ಟರು, ಮಹಾಡ್‌ನಲ್ಲಿ ಪುಸ್ತಕವನ್ನೇ ಬಿಟ್ಟರು. ಎರಡೂ ಕಡೆ ನಿರ್ಧಾರ ಮಾಡಿದವರು ಆ ಸಾಲುಗಳ ಏಟು ತಿಂದ ಜನ. ಅವರ ನಿರ್ಧಾರವನ್ನು ನಾನು ಯಾವ ವ್ಯಾಖ್ಯಾನಕಾರರ ಮಾತಿಗಿಂತಲೂ ಹೆಚ್ಚು ನಂಬುತ್ತೇನೆ.