ಡ್ರಾಯಿಂಗ್ ಪಿರಿಯಡ್‌ಗೆ ಮಾಸ್ತರ್ ಸಿಗ್ತಾರಾ?

ಪ್ರಶ್ನೆ: ಮಗಳು ಕಲಬುರಗಿಯ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿ. ವೇಳಾಪಟ್ಟಿಯಲ್ಲಿ ಡ್ರಾಯಿಂಗ್, ಸಂಗೀತ ಎರಡೂ ಇವೆ, ಕಲಿಸುವವರಿಲ್ಲ. ಪಾಲಕರು ಕೇಳಿದರೆ ಸಿಗುತ್ತದೆಯೇ, ಇಲ್ಲಾ ಸುಮ್ನೆ ಓಡಾಟವೇ?

ಕೇಳಿ. ಆದರೆ ಅದಕ್ಕೂ ಮೊದಲು ಶಾಲೆಯ ದಾಖಲಾತಿ ನೋಡಿಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳುವುದಿಷ್ಟು: 6ರಿಂದ 8ನೇ ತರಗತಿಗಳಲ್ಲಿ ಮಕ್ಕಳು 100ಕ್ಕಿಂತ ಜಾಸ್ತಿ ಇದ್ದರೆ ಕಲಾ ಶಿಕ್ಷಣಕ್ಕೆ, ದೈಹಿಕ ಶಿಕ್ಷಣಕ್ಕೆ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರು ಇರಬೇಕು. ಮಕ್ಕಳು 100 ದಾಟಿದ್ದರೆ ನೀವು ಉಪಕಾರ ಬೇಡುತ್ತಿಲ್ಲ, ಕಾಯ್ದೆಯಲ್ಲಿ ಇರುವುದನ್ನೇ ಕೇಳುತ್ತಿದ್ದೀರಿ. ದಾಟದಿದ್ದರೆ ಈ ಸಾಲು ನಿಮ್ಮ ಕೆಲಸಕ್ಕೆ ಬರುವುದಿಲ್ಲ. ಮಕ್ಕಳು ಖಾಸಗಿ ಶಾಲೆಗಳಿಗೆ ಹೋಗಿ ಸಂಖ್ಯೆ ಕರಗಿದ ಶಾಲೆಗೆ ಇದು ದೊಡ್ಡ ಪೆಟ್ಟು. ಅಲ್ಲಿ ಡ್ರಾಯಿಂಗ್ ಮಾಸ್ತರ್ ಇದ್ದಿದ್ದರೆ ನಾಲ್ಕು ಮಕ್ಕಳು ಉಳಿಯುತ್ತಿದ್ದರೋ ಏನೋ!

ನಾನು ಓದಿದ ಶಾಲೆಯ ಆಫೀಸಿನ ಕಪಾಟಿನಲ್ಲಿ ಒಂದು ಹಾರ್ಮೋನಿಯಂ ಇತ್ತು. ತಿದಿಯನ್ನು ಇಲಿ ಕಡಿದಿತ್ತು, ಎರಡು ಮನೆ ಒತ್ತಿದರೆ ಮೇಲೇಳುತ್ತಿರಲಿಲ್ಲ. ಸಂಗೀತದ ಪಿರಿಯಡ್‌ನಲ್ಲಿ ಗಣಿತದ ಸರ್ ಬಂದು ಉಳಿದ ಪಾಠ ಮುಗಿಸುತ್ತಿದ್ದರು. ಪ್ರತಿಭಾ ಕಾರಂಜಿ ಹತ್ತಿರ ಬಂದಾಗ ಮಾತ್ರ ಓಟ ಶುರು. ಎಂಟು ದಿನದಲ್ಲಿ ಒಂದು ಜಾನಪದ ಗೀತೆ ಬಾಯಿಪಾಠ, ಸ್ಪರ್ಧೆ ಮುಗಿದ ಮರುದಿನ ಮತ್ತೆ ಗಣಿತ. ನಿಮ್ಮಲ್ಲೂ ಹೀಗೇ ಅಲ್ವಾ?

ಈಗ ಮಾಡುವ ಕೆಲಸ. ಮೊದಲು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ಹೋಗಿ. ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದೂ ಸಮಿತಿಯದೇ ಕೆಲಸ. ನಮ್ಮಲ್ಲಿ ಅದು ಹೆಚ್ಚಾಗಿ ಕಂಪೌಂಡು, ಶೌಚಾಲಯ, ಬೆಂಚಿನ ಪಟ್ಟಿಯಾಗಿ ಮುಗಿದುಬಿಡುತ್ತದೆ. ಕಲಾ ಬೋಧಕರ ಬೇಡಿಕೆಯನ್ನೂ, ಮಕ್ಕಳ ಸಂಖ್ಯೆಯನ್ನೂ ಠರಾವಿನಲ್ಲಿ ಬರೆಸಿ. ಅದನ್ನು ಮುಖ್ಯಗುರುಗಳ ಸಹಿಯೊಂದಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಕೊಡಿ.

‘ನಮಗೆ 371ಜೆ ಇದೆಯಲ್ಲ’ ಎಂದು ಕೆಲವರು ಹೇಳುತ್ತಾರೆ. ಸಂವಿಧಾನದ ಆ ವಿಧಿ ಹುದ್ದೆ ತುಂಬುವಾಗ ಈ ಕಲ್ಯಾಣ ಕರ್ನಾಟಕ ಭಾಗದವರಿಗೆ ಪಾಲು ಕೊಡುತ್ತದೆ. ಹುದ್ದೆಯನ್ನೇ ಕರೆಯದಿದ್ದರೆ ಪಾಲೆಲ್ಲಿ?

ಅಲ್ಲಿಯವರೆಗೆ ಮಕ್ಕಳು ಖಾಲಿ ಕೂರಬೇಕಿಲ್ಲ. ಎಸ್.ಎಂ. ಪಂಡಿತ್ ಅವರಂಥ ಚಿತ್ರಕಾರರು ಹುಟ್ಟಿದ ಊರಿದು. ಕಡಕೋಳ ಮಡಿವಾಳಪ್ಪನ ತತ್ವಪದಗಳನ್ನು ಏಕತಾರಿ ಹಿಡಿದು ಹಾಡುವವರು ಈಗಲೂ ಭಜನಾ ಮಂಡಳಿಗಳಲ್ಲಿ ಇದ್ದಾರೆ. ಶನಿವಾರ ಒಂದು ತಾಸು ಬನ್ನಿ ಎಂದರೆ ಬಹಳ ಜನ ಬರುತ್ತಾರೆ, ಕರೆಯುವವರು ಬೇಕಷ್ಟೆ. ಬೀದರ್‌ಗೆ ಪ್ರವಾಸ ಹೋದರೆ ಕೋಟೆ ನೋಡಿ ವಾಪಸ್ ಬರಬೇಡಿ, ಬಿದ್ರಿ ಕೆಲಸದವರ ಅಂಗಳದಲ್ಲೂ ಮಕ್ಕಳನ್ನು ಕೂರಿಸಿ. ಮೈಲುತುತ್ತ ಉಜ್ಜಿ ಲೋಹವನ್ನು ಕಪ್ಪು ಮಾಡಿಕೊಂಡು, ಅದರ ಮೇಲೆ ಚೂಪಾದ ಮೊಳೆಯಿಂದ ಅವರು ಬರಿಗೈಯಲ್ಲಿ ಹೂಬಳ್ಳಿ ಎಳೆಯುತ್ತಾರೆ. ಸ್ಕೇಲಿಲ್ಲ, ರಬ್ಬರಿಲ್ಲ. ನೋಟ್‌ಬುಕ್‌ನಲ್ಲಿ ಮೂರು ಸಲ ಅಳಿಸಿ ಒಂದು ಎಲೆ ಬರೆಯುವ ಮಗು ಅದನ್ನು ನೋಡಬೇಕು.

ಆದರೆ ಇದನ್ನು ಬೋಧಕರಿಗೆ ಬದಲಿ ಎಂದು ಒಪ್ಪಿಕೊಳ್ಳಬೇಡಿ. ‘ಹೇಗೂ ನಡೀತಿದೆಯಲ್ಲ’ ಎನ್ನುವ ಉತ್ತರ ಬಹಳ ಬೇಗ ಬರುತ್ತದೆ.

ಅಂದಹಾಗೆ, ಅರ್ಜಿಯ ಒಂದು ಪ್ರತಿಗೆ ಸೀಲು, ತಾರೀಖು ಹಾಕಿಸಿ ಇಟ್ಟುಕೊಳ್ಳಿ. ತಿಂಗಳು ಬಿಟ್ಟು ಹೋದಾಗ ಮೊದಲು ಕೇಳುವುದೇ ‘ಯಾವ ಅರ್ಜಿ?’ ಅಂತ.